ಊಟ ಮಾಡದೆ ಹೋದ ಭಾವ

ಕಳೆದ ವೈಶಾಖದಲ್ಲಿ ನಮ್ಮ ಮನೆಯ ಮದುವೆಗೆ ಬಂದಿದ್ದ ದೂರದ ಸಂಬಂಧದ ಭಾವನವರು ಮುಯ್ಯಿಯ ಕವರನ್ನು ಮದುಮಗನ ಕೈಗಿಟ್ಟು, ಫೋಟೋಗೂ ನಿಲ್ಲದೆ, ಊಟದ ಮನೆಯತ್ತ ತಿರುಗಿಯೂ ನೋಡದೆ ಹೊರಟುಹೋದರು. ಎರಡನೆಯ ಪಂಕ್ತಿಯ ಎಲೆ ಎತ್ತುವಷ್ಟರಲ್ಲಿ ತೀರ್ಪು ಸಿದ್ಧವಾಗಿತ್ತು: "ಸೈಟು ಮಾರಿದ ದುಡ್ಡು ಬಂದಮೇಲೆ ಜಂಬ." ಹಾಗೆಂದವರಲ್ಲಿ ನಾನೂ ಒಬ್ಬ. ಎಲೆಯ ತುದಿಯಲ್ಲಿ ಉಳಿದಿದ್ದ ಕೋಸಂಬರಿಯನ್ನು ಬೆರಳಿನಿಂದ ಒತ್ತಟ್ಟಿಗೆ ಸರಿಸುತ್ತ ಚಿಕ್ಕಮ್ಮ ಮಾತ್ರ, "ಪಾಪ, ಏನು ಅವಸರ ಇತ್ತೋ" ಎಂದರು.

ಇನ್ನೊಬ್ಬರ ನಡತೆಗೆ ಅವರ ಸ್ವಭಾವವನ್ನೇ ಕಾರಣವೆಂದು ಹಿಡಿದು, ಆ ಹೊತ್ತಿನ ಸನ್ನಿವೇಶವನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಈ ಅಭ್ಯಾಸಕ್ಕೆ ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲಿ 'ಫಂಡಮೆಂಟಲ್ ಆಟ್ರಿಬ್ಯೂಷನ್ ಎರರ್' ಎಂದು ಹೆಸರಿಟ್ಟರು. ಅವಸರವೆಂಬುದು ಎಷ್ಟು ದೊಡ್ಡ ಕಾರಣವಾಗಬಲ್ಲದು ಎಂಬುದನ್ನು ಅದಕ್ಕೂ ಮೊದಲೇ, 1973ರಲ್ಲಿ, ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ತೋರಿಸಿದ್ದರು. ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ 40 ಯುವಕರನ್ನು ಅವರು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಕಳುಹಿಸಿದರು. ದಾರಿಯಲ್ಲಿ ಒಬ್ಬಾತ ಕೆಮ್ಮುತ್ತ, ನರಳುತ್ತ ಕುಸಿದಿದ್ದ. ಸಮಯವಿದ್ದವರಲ್ಲಿ ಶೇ. 63 ಮಂದಿ ನೆರವಾದರೆ, 'ಆಗಲೇ ತಡವಾಗಿದೆ' ಎಂದು ಅಟ್ಟಿಸಿಕೊಂಡವರಲ್ಲಿ ನೆರವಾದವರು ಶೇ. 10 ಮಾತ್ರ. ಯಾರು ನಿಲ್ಲುತ್ತಾರೆ ಎಂಬುದನ್ನು ಅವರವರ ಧರ್ಮಶ್ರದ್ಧೆಯ ಬಗೆಯಿಂದ ಊಹಿಸಲು ಸಾಧ್ಯವಾಗಲಿಲ್ಲ.

ಚಿಕ್ಕಮ್ಮನ ಮಾತಿಗೂ ಒಂದು ಅಧ್ಯಯನದ ಬೆಂಬಲವಿದೆ, ಅದೂ ನಮ್ಮ ಮೈಸೂರಿನದೇ. ಜೋನ್ ಮಿಲ್ಲರ್ ಎಂಬ ಸಂಶೋಧಕಿ ಷಿಕಾಗೊ ಮತ್ತು ಮೈಸೂರಿನ ಜನ ತಮಗೆ ಗೊತ್ತಿದ್ದವರ ಒಳ್ಳೆಯ, ಕೆಟ್ಟ ನಡತೆಗಳಿಗೆ ಏನು ಕಾರಣ ಕೊಡುತ್ತಾರೆಂದು ಕೇಳಿ, 1984ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಲ್ಲೊಂದು ಪ್ರಸಂಗವಿದೆ. ಮೋಟಾರ್‌ಸೈಕಲ್ಲಿನ ಹಿಂದಿನ ಚಕ್ರ ಸಿಡಿದು ಹಿಂಬದಿಯ ಸವಾರನ ತಲೆಗೆ ಪೆಟ್ಟಾಗುತ್ತದೆ, ಗಾಡಿ ಓಡಿಸುತ್ತಿದ್ದ ವಕೀಲ ಅವನನ್ನು ಆಸ್ಪತ್ರೆಗೆ ಸೇರಿಸಿ ಕೋರ್ಟಿಗೆ ಹೋಗಿಬಿಡುತ್ತಾನೆ, ಗಾಯಾಳು ಸಾಯುತ್ತಾನೆ. ಅಮೆರಿಕದವರು ಹೆಚ್ಚಾಗಿ ವಕೀಲನ ಬೇಜವಾಬ್ದಾರಿಯತ್ತ ಬೆರಳು ಮಾಡಿದರೆ, ನಮ್ಮವರು ಕಕ್ಷಿದಾರನ ಕೆಲಸವಿತ್ತು, ಗಾಬರಿಯಾಗಿರಬಹುದು, ಪೆಟ್ಟು ಅಷ್ಟು ದೊಡ್ಡದೆಂದು ಅನ್ನಿಸಿರಲಿಕ್ಕಿಲ್ಲ ಎಂದರು. ಎಂಟು ವರ್ಷದ ಮಕ್ಕಳಲ್ಲಿ ಎರಡೂ ಊರಿಗೆ ಅಷ್ಟೇನೂ ವ್ಯತ್ಯಾಸವಿರಲಿಲ್ಲ. ದೊಡ್ಡವರಾದಂತೆ ಅಂತರ ಬೆಳೆಯಿತು. ಎಂದರೆ ಇದು ಮನೆಯಲ್ಲಿ ಕೇಳಿ ಕೇಳಿ ಕಲಿತ ಬುದ್ಧಿ.

ಹಾಗೆಂದು ಬೀಗುವುದಕ್ಕೆ ನನಗೆ ಮನಸ್ಸಿಲ್ಲ. ಈ 'ಏನಿತ್ತೋ' ಎಂಬ ಉದಾರತೆಯನ್ನು ನಾವು ಎಲ್ಲರಿಗೂ ಸಮನಾಗಿ ಬಡಿಸುವುದಿಲ್ಲ. ಅಳಿಯ ತಡವಾಗಿ ಬಂದರೆ ಟ್ರಾಫಿಕ್ಕು, ಸೊಸೆ ತಡವಾಗಿ ಎದ್ದರೆ ಸೋಮಾರಿತನ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಉಪ್ಪಿಟ್ಟು, ಕೇಸರಿಬಾತು ಮುಗಿಯುವ ಅರ್ಧ ಗಂಟೆ ಹುಡುಗ ಬಾಯಿ ಬಿಡದಿದ್ದರೆ ಗಂಭೀರ, ಹುಡುಗಿ ಬಾಯಿ ಬಿಡದಿದ್ದರೆ 'ಏನೋ ಇರಬೇಕು'. ಇಬ್ಬರೂ ಹತ್ತು ಜನರೆದುರು ಬೆವರುತ್ತಿದ್ದರು ಎಂಬುದು ಯಾರಿಗೂ ಹೊಳೆಯುವುದಿಲ್ಲ. ಹೆಂಡತಿಗೆ ಹೊಡೆದವನ ಪರವಾಗಿಯೂ 'ಕೆಲಸದ ಟೆನ್ಷನ್ನು' ಎಂದು ಸನ್ನಿವೇಶವನ್ನು ತರುವವರನ್ನು ಕಂಡಿದ್ದೇನೆ. ಅಲ್ಲಿ ನನಗೆ ಷಿಕಾಗೊದವರ ಮಾತೇ ಸರಿಯೆನ್ನಿಸುತ್ತದೆ. ನಮಗೆ ಬೇಕಾದವರಿಗೆ ಸನ್ನಿವೇಶ, ಬೇಡವಾದವರಿಗೆ ಸ್ವಭಾವ. ಭಾವನವರು ಜಂಬದವರಾದದ್ದು ಅವರು ಊಟ ಬಿಟ್ಟ ದಿನವಲ್ಲ, ಅವರ ಸೈಟಿಗೆ ಒಳ್ಳೆಯ ಬೆಲೆ ಬಂದ ದಿನ ಎಂದು ಈಗ ಅನುಮಾನ ಬರುತ್ತಿದೆ.

ಅವರು ಯಾಕೆ ಹೋದರೆಂದು ಇವತ್ತಿಗೂ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಚಿಕ್ಕಮ್ಮ ಎರಡು ಸಲ, "ಒಂದು ಫೋನು ಮಾಡಿ ವಿಚಾರಿಸೋ" ಎಂದರು. ನಂಬರು ನನ್ನ ಬಳಿ ಇದೆ. ಆ ವಾರ ನನಗೂ ಆಫೀಸಿನಲ್ಲಿ ವಿಪರೀತ ಕೆಲಸವಿತ್ತು.