ಟಾರ್ಚ್ ಹಿಡಿಯುವ ಕೆಲಸ

ಮನೆಯಲ್ಲಿ ಈಜುಕೊಳ ಇದೆ ಅಂದರೆ ಜನ ಹೊಟ್ಟೆ ಉರಿದುಕೊಳ್ಳುತ್ತಾರೆ. ಅಂಥವರನ್ನು ಅದರ ಫಿಲ್ಟರ್ ಬಿಚ್ಚುವ ದಿನ ಟಾರ್ಚ್ ಹಿಡಿಯಲು ಕರೆಯಬೇಕು. ಉರಿ ತಾನಾಗಿ ಆರುತ್ತದೆ. ಭಾವನ ಮನೆಯಲ್ಲಿ ಆ ಕೆಲಸ ನನಗೆ ಖಾಯಂ.

ಕೊಳದ ತಳದಲ್ಲಿ, ಫಿಲ್ಟರಿನಿಂದ ನೀರು ವಾಪಸ್ ಬರುವ ಬಾಯಿಯ ಕೆಳಗೆ, ದಿನಾ ಒಂದು ಹಿಡಿ ಮರಳು ಬಂದು ಕೂರುತ್ತಿತ್ತು. ಮರಳಿನ ಫಿಲ್ಟರಿನಲ್ಲಿ ಮರಳು ಕೊಳೆ ಹಿಡಿಯಬೇಕು, ತಾನೇ ಈಜಲು ಬರಬಾರದು. ಬಂತೆಂದರೆ ಟ್ಯಾಂಕಿನ ತಳದ ಲ್ಯಾಟರಲ್ ಒಡೆದಿರುವ ಅನುಮಾನ. ಲ್ಯಾಟರಲ್ ಅಂದರೆ ಮೈತುಂಬ ಸಣ್ಣ ಸೀಳುಗಳಿರುವ ಪ್ಲಾಸ್ಟಿಕ್ ಕೊಳವೆ. ನೀರನ್ನು ಬಿಟ್ಟು ಮರಳನ್ನು ತಡೆಯುತ್ತದೆ. ಚಿಕ್ಕ ಸಾಮಾನು. ಆದರೆ ಅದನ್ನು ಮುಟ್ಟಬೇಕಾದರೆ ಮೇಲಿನ ಮರಳೆಲ್ಲ ಹೊರಗೆ ಬರಬೇಕು. ಮನೆಬಳಕೆಯ ಟ್ಯಾಂಕಿನಲ್ಲೂ ಅದು ನೂರು ಕಿಲೋ ದಾಟುವುದುಂಟು. ಅದೂ ಒಣಗಿದ್ದಾಗ.

ಟ್ಯಾಂಕಿನ ಬಾಯಿಯೋ ಇಷ್ಟಗಲ. ಕೈ ಹಾಕಿದರೆ ಬೆಳಕು ಹೋಗುವುದಿಲ್ಲ, ಬೆಳಕು ಬಿಟ್ಟರೆ ಕೈ ಹೋಗುವುದಿಲ್ಲ.

"ಟಾರ್ಚ್ ಸರಿಯಾಗಿ ಹಿಡಿಯೋ!"

"ಸರಿಯಾಗೇ ಹಿಡಿದಿದ್ದೀನಿ ಭಾವ, ನಿಮ್ಮ ತೋಳು ಅಡ್ಡ ಇದೆ."

ಮರಳು ತೆಗೆದದ್ದು, ಹೊಸ ಲ್ಯಾಟರಲ್ ತಿರುಗಿಸಿ ಕೂರಿಸಿದ್ದು, ಇದರಲ್ಲಿ ಹೇಳುವಂಥದ್ದೇನೂ ಇಲ್ಲ, ಸೊಂಟನೋವು ಬಿಟ್ಟರೆ. ಮರಳು ತುಂಬುವಾಗ ಮಾತ್ರ ಭಾವನಿಗೆ ನೂರಕ್ಕೆ ನೂರು ಕೊಡಬೇಕು. ನಡುವಿನ ಕೊಳವೆಯ ಬಾಯಿಗೆ ಪ್ಲಾಸ್ಟಿಕ್ ಕಟ್ಟಿದರು. ಮೊದಲು ಅರ್ಧ ಟ್ಯಾಂಕ್ ನೀರು ತುಂಬಿದರು. ಇಲ್ಲದಿದ್ದರೆ ಮೇಲಿಂದ ಸುರಿದ ಮರಳಿನ ಏಟಿಗೆ ಹೊಸ ಲ್ಯಾಟರಲ್ಲೂ ಮುರಿಯುತ್ತದೆ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಹೇಗೂ ಬಿಚ್ಚಿದ್ದಾಯ್ತಲ್ಲ" ಅಂತ ಭಾವ ಮಲ್ಟಿಪೋರ್ಟ್ ವಾಲ್ವಿಗೂ ಕೈ ಹಾಕಿದರು. ಫಿಲ್ಟರ್, ಬ್ಯಾಕ್‌ವಾಶ್, ರಿನ್ಸ್, ವೇಸ್ಟ್ ಅಂತ ಸುತ್ತಲೂ ಬರೆದಿರುವ, ಹಿಡಿ ತಿರುಗಿಸಿದರೆ ನೀರಿನ ದಾರಿ ಬದಲಿಸುವ ಸಾಮಾನು ಅದು. ಒಳಗೆ ಚಕ್ರದ ಕಡ್ಡಿಗಳ ಹಾಗಿರುವ ರಬ್ಬರ್ ಗ್ಯಾಸ್ಕೆಟ್. ಪಂಪ್ ಓಡುತ್ತಿರುವಾಗಲೇ ಹಿಡಿ ತಿರುಗಿಸಿದರೆ ಅದು ಕಿತ್ತುಬರುತ್ತದೆ. ಅದರ ಮೇಲೊಂದು ಸಿಟ್ಟಿನ ಸ್ಪ್ರಿಂಗ್. ಪಿನ್ ತೆಗೆದದ್ದೇ ತಡ, ವಾಷರ್ ಹಾರಿ ಕೊಳಕ್ಕೆ ಬಿತ್ತು. ಹುಡುಕಲು ಇಳಿದವನು ನಾನು. ಅವತ್ತು ಆ ಕೊಳದಲ್ಲಿ ಯಾರಾದರೂ ಈಜಿದ್ದರೆ ಅದೊಂದೇ ಸಲ. ಭಾವ ರಬ್ಬರಿಗೆ ಸವರಲು ಪೆಟ್ರೋಲಿಯಂ ಜೆಲ್ಲಿ ತಂದರು. ಅಕ್ಕ ಅದನ್ನು ಕಿತ್ತುಕೊಂಡು ಸಿಲಿಕೋನ್ ಗ್ರೀಸ್ ಕೈಗಿಟ್ಟಳು. ಪೆಟ್ರೋಲಿಯಂ ಜಿಡ್ಡಿಗೆ ಆ ರಬ್ಬರ್ ಊದಿಕೊಂಡು ಹಾಳಾಗುತ್ತದೆ. ಆ ಮನೆಯಲ್ಲಿ ಕೈಪಿಡಿ ಓದುವುದು ಅಕ್ಕ ಒಬ್ಬಳೇ.

ಕೈಪಿಡಿಯೂ ಕಡಿಮೆಯದ್ದಲ್ಲ. ಬಿಚ್ಚುವುದಕ್ಕೆ ಚಿತ್ರ, ಬಾಣ, ನಂಬರು ಎಲ್ಲ ಇದೆ. ಜೋಡಿಸುವುದಕ್ಕೆ ಒಂದೇ ಸಾಲು: ಇದೇ ಕ್ರಮವನ್ನು ಹಿಂದಿನಿಂದ ಮಾಡಿ. ಇದನ್ನು ಬರೆದ ಪುಣ್ಯಾತ್ಮ ಬಿಚ್ಚಿದ್ದನ್ನು ಒಮ್ಮೆಯೂ ಜೋಡಿಸಿರಲಾರ. ಯಾಕೆಂದರೆ ಆ ವಾಲ್ವಿನ ಮುಚ್ಚಳವನ್ನು ಹೇಗೆ ತಿರುಗಿಸಿಟ್ಟರೂ ಸ್ಕ್ರೂಗಳು ಸುಮ್ನೆ ಕೂತುಬಿಡುತ್ತವೆ. ಮೇಲಿನ ಅಕ್ಷರ ಒಂದು ಕಡೆ, ಕೆಳಗಿನ ದಾರಿ ಇನ್ನೊಂದು ಕಡೆ. ಬಿಚ್ಚುವ ಮೊದಲೇ ನಾನು ಕೇಳಿದ್ದೆ.

"ಗುರುತು ಹಾಕಲಾ ಭಾವ?"

"ನೆನಪಿರುತ್ತೆ ಬಿಡೋ."

ಹಿಡಿಯನ್ನು 'ಫಿಲ್ಟರ್' ಮೇಲಿಟ್ಟು ಪಂಪ್ ಹಾಕಿದೆವು. ಒಂದು ಹನಿ ಸೋರಲಿಲ್ಲ. ಭಾವ ಸೊಂಟಕ್ಕೆ ಕೈಯಿಟ್ಟು ನಿಂತರು. ಅಷ್ಟರಲ್ಲಿ ಹಿತ್ತಲಿನಿಂದ ಅಕ್ಕನ ಕೂಗು.

"ರೀ, ಕೊಳ ಇಲ್ಲಿಗೆ ಬರ್ತಿದೆ!"

ಫಿಲ್ಟರ್ ಅಂತ ಬರೆದಿದ್ದ ಜಾಗದಲ್ಲಿ ವಾಲ್ವ್ ಮಾಡುತ್ತಿದ್ದದ್ದು 'ವೇಸ್ಟ್' ಕೆಲಸ, ಅಂದರೆ ನೀರನ್ನು ಹೊರಗೆ ಚೆಲ್ಲುವುದು. ಕೊಳದ ನೀರು ನೇರವಾಗಿ ಹೂವಿನ ಗಿಡಗಳ ಬುಡಕ್ಕೆ ನುಗ್ಗುತ್ತಿತ್ತು, ಕ್ಲೋರಿನ್ ಸಮೇತ. ಪಂಪ್ ಆರಿಸಿ ಮತ್ತೆ ಸ್ಕ್ರೂಡ್ರೈವರ್ ಹಿಡಿದೆವು. ಈ ಸಲ ಭಾವ ಬಹಳ ಹುಷಾರಾಗಿದ್ದರು. ಮುಚ್ಚಳ ಬಿಚ್ಚುವ ಮೊದಲೇ ಮುಚ್ಚಳದಿಂದ ವಾಲ್ವಿನ ಮೈವರೆಗೆ ದಪ್ಪಗೆ ಒಂದು ಗೆರೆ ಎಳೆದರು. ತಪ್ಪು ಕೂತಿದ್ದ ಮುಚ್ಚಳಕ್ಕೆ, ಅಳಿಸಿದರೂ ಹೋಗದ ಮಾರ್ಕರಿನಲ್ಲಿ.