ಮಾಟಗಾತಿಗೊಂದು ಬೆಳ್ಳಿ ಸರ

ಅವರೆಕಾಯಿ ಕಾಲದಲ್ಲಿ ದೊಡ್ಡಮ್ಮ ನಮ್ಮ ಮನೆಗೆ ಬಂದರೆ ಹದಿನೈದು ದಿನವಾದರೂ ಇರುತ್ತಾರೆ. ನಡುಮನೆಯಲ್ಲಿ ಪೇಪರ್ ಹಾಸಿಕೊಂಡು, ಕಾಯಿ ಸುಲಿಯುತ್ತಾ, ಟಿವಿಯಲ್ಲಿ ಏನು ಬಂದರೂ ನೋಡುತ್ತಾರೆ. ನಮ್ಮ ನೆಂಟರಲ್ಲಿ ಅರ್ಧಕ್ಕರ್ಧ ಮದುವೆ ಕುದುರಿಸಿದ್ದು ಅವರೇ. ಅಂಥವರು ಪಕ್ಕದಲ್ಲಿ ಕೂತಿರುವಾಗ ನಾನು ವಿಡಿಯೊ ಗೇಮ್‌ನಲ್ಲಿ ಹುಡುಗಿಯನ್ನು ಒಲಿಸಿಕೊಳ್ಳಲು ಹೋಗಬಾರದಿತ್ತು.

ಆಟದ ಹೆಸರು 'ಡ್ರ್ಯಾಗನ್ ಏಜ್: ಒರಿಜಿನ್ಸ್'. 2009ರದ್ದು. ಹಳೆಯದೇ, ಆದರೆ ಈ ಜಾತಿಯ ಆಟಗಳಲ್ಲಿ ಒಳ್ಳೆಯ ಹೆಸರಿದೆ. ರಾಕ್ಷಸರ ದಂಡು ದೇಶಕ್ಕೆ ನುಗ್ಗಿದೆ, ನಾವು ನಾಲ್ಕಾರು ಜನರನ್ನು ಸೇರಿಸಿಕೊಂಡು ಹೊಡೆದಾಡಬೇಕು. ಬಿಡುವಾದಾಗ ಜೊತೆಗಾರರಲ್ಲಿ ಒಬ್ಬರನ್ನು ಪ್ರೀತಿಸಬಹುದು. ನಾನು ಮಾರಿಗನ್ ಎಂಬುವಳನ್ನು ಆರಿಸಿಕೊಂಡಿದ್ದೆ.

"ಹುಡುಗಿ ಏನು ಮಾಡ್ಕೊಂಡಿದ್ದಾಳೆ?" ದೊಡ್ಡಮ್ಮ ಕೇಳಿದರು.

"ಮಾಟ, ದೊಡ್ಡಮ್ಮ."

"ಅವರಮ್ಮ?"

"ಅವರೂ ಅದೇ."

"ಸರಿ, ಮನೆತನದ ಕಸುಬು ಅನ್ನು."

ಮಾರಿಗನ್ ಮನಸ್ಸಿನಲ್ಲಿ ನಮ್ಮ ಬಗ್ಗೆ ಏನಿದೆ ಅಂತ ಊಹಿಸುವ ಕಷ್ಟ ಇಲ್ಲ. ಪರದೆ ಮೇಲೆ ಒಂದು ಅಳತೆ ಪಟ್ಟಿ ಇರುತ್ತದೆ, ಮೈನಸ್ 100ರಿಂದ ಪ್ಲಸ್ 100ರವರೆಗೆ. ಅವಳಿಗೆ ಪರೋಪಕಾರ ಕಂಡರೆ ಆಗುವುದಿಲ್ಲ. ಹೆಣಗಳು ಎದ್ದು ಬಂದು ಒಂದು ಹಳ್ಳಿಯ ಮೇಲೆ ಬೀಳುತ್ತಿದ್ದವು. ಊರವರನ್ನು ಉಳಿಸುತ್ತೇನೆ ಎಂದೆ. ಮಾರಿಗನ್ ಮೂಗು ಮುರಿದಳು, ಅಂಕ ಇಳಿಯಿತು. ರಾತ್ರಿ ಬಿಡಾರದಲ್ಲಿ ಒಂದು ಬೆಳ್ಳಿ ಸರ ಕೊಟ್ಟೆ. ಅಂಕ ಏರಿತು. ಹಳ್ಳಿ ವಿಷಯ ಮತ್ತೆ ಯಾರೂ ಎತ್ತಲಿಲ್ಲ.

ಈ ಏರ್ಪಾಡು ನಮ್ಮವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಯಾವ ಟೇಬಲ್‌ಗೆ ಏನು ಹೋಗಬೇಕು ಅಂತ ಗೊತ್ತಿದ್ದರೆ ಫೈಲು ತಾನೇ ಮುಂದಕ್ಕೆ ಸರಿಯುತ್ತದೆ. ಸ್ಟೆನ್ ಎಂಬ ಗಂಭೀರ ಯೋಧನಿಗೆ ಚಿತ್ರಪಟ. ಕುಳ್ಳ ಓಗ್ರನ್‌ಗೆ ಹೆಂಡ. ನಾಯಿಗೆ ಮೂಳೆ. ಆಲಿಸ್ಟರ್ ಎಂಬ ಯುವಕನಿಗೆ ಪುಟ್ಟ ಬೊಂಬೆಗಳು. ಒಂದೇ ಬೇಜಾರು ಅಂದರೆ, ಕೊಡುತ್ತಾ ಹೋದಂತೆ ಪ್ರತಿ ಉಡುಗೊರೆಗೂ ಸಿಗುವ ಅಂಕ ಕಮ್ಮಿಯಾಗುತ್ತದೆ. ಹತ್ತನೇ ಉಂಗುರಕ್ಕೆ ಮೊದಲ ಉಂಗುರದ ಖದರು ಇಲ್ಲ. ಇಷ್ಟು ನಿಜ ಜೀವನ ಆ ಆಟದಲ್ಲಿ ಇನ್ನೆಲ್ಲೂ ನನಗೆ ಕಾಣಲಿಲ್ಲ.

ಮಾರಿಗನ್‌ಳ ಅಂಕ ಭರ್ತಿಯಾಯಿತು, ಮಾತು ಮೆತ್ತಗಾಯಿತು. ಇಬ್ಬರೂ ಹತ್ತಿರ ಬಂದರು. ಆಗಷ್ಟೇ ಕಾಳಗ ಮುಗಿಸಿ ಬಂದಿದ್ದೆವಲ್ಲ, ಇಬ್ಬರ ಮುಖದ ಮೇಲೂ ಕುಂಕುಮದ ನೀರು ಎರಚಿದ ಹಾಗೆ ರಕ್ತ. ಈ ಆಟದಲ್ಲಿ ರಕ್ತದ ಕಲೆ ಹಾಗೇ ಉಳಿದಿರಲಿ ಅನ್ನುವುದಕ್ಕೆ ಬೇರೆ ಆಯ್ಕೆಯೇ ಇದೆ. ಮುಖ ತೊಳೆದುಕೊಳ್ಳುವುದಕ್ಕೆ ಇಲ್ಲ.

"ಒಂದು ಚೊಂಬು ನೀರು ಸಿಗಲ್ವೇನೋ ಇವರಿಗೆ?" ಎಂದರು ದೊಡ್ಡಮ್ಮ.

ನಾನು ಉತ್ತರ ಹುಡುಕುವಷ್ಟರಲ್ಲಿ ದೃಶ್ಯ ಡೇರೆಯೊಳಕ್ಕೆ ಹೋಯಿತು. ಕಂಟ್ರೋಲರ್‌ನ ಎಲ್ಲ ಗುಂಡಿಗಳನ್ನೂ ಒಟ್ಟಿಗೆ ಒತ್ತಿದೆ. ಪ್ರಯೋಜನ ಆಗಲಿಲ್ಲ. ಇಬ್ಬರೂ ಒಳಉಡುಪಿನಲ್ಲಿ, ಅಂಗಡಿ ಬೊಂಬೆಗಳ ಹಾಗೆ ತಬ್ಬಿಕೊಂಡು ಹೊರಳಾಡಿದರು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ದೊಡ್ಡಮ್ಮ ಮುಚ್ಚಿಕೊಂಡಿರಲಿಲ್ಲ. "ಇಷ್ಟಕ್ಕಾ ಅಷ್ಟೊಂದು ಬೆಳ್ಳಿ ಕೊಟ್ಟೆ?" ಎಂದರು.

ಅವರಿಗೆ ತಾಂತ್ರಿಕ ಕಾರಣ ವಿವರಿಸಿದೆ. ಕಂಪ್ಯೂಟರ್‌ಗೆ ಬೆಂಕಿ ಉಗುಳುವ ಡ್ರ್ಯಾಗನ್ ಸುಲಭ, ಅಂಗಿಯ ಗುಂಡಿ ಕಷ್ಟ. ಬಟ್ಟೆ ಬಿಚ್ಚುವಾಗ ಬೀಳುವ ಮಡಿಕೆ, ಮುದುರು ಲೆಕ್ಕ ಹಾಕುವುದು ತಲೆನೋವು. ಅದಕ್ಕೇ ಒಂದು ಚಣ ಪರದೆ ಕಪ್ಪಾಗುತ್ತದೆ, ಮರುಚಣ ಕವಚ ಮಾಯ. ಮುತ್ತಂತೂ ಇನ್ನೂ ಗಂಡಾಂತರ. ಎರಡು ಮುಖ ತಾಗಿದರೆ ಒಂದರ ಮೂಗು ಇನ್ನೊಂದರ ಕೆನ್ನೆಯೊಳಗೆ ಇಳಿದುಬಿಡುತ್ತದೆ. ಹಾಗಾಗಿ ಸರಿಯಾದ ಸಮಯಕ್ಕೆ ಕ್ಯಾಮೆರಾ ನಾಯಕನ ಹಿಂದಲೆಗೆ ಹೋಗುತ್ತದೆ. ನೂರಾರು ಜನ ವರ್ಷಗಟ್ಟಲೆ ದುಡಿದು ನಮಗೆ ತೋರಿಸುವ ಪ್ರಣಯ ಅಂದರೆ ಒಂದು ಹಿಂದಲೆ.

ಇದನ್ನೇ ಅಮೆರಿಕದವರು ದೊಡ್ಡ ಗಲಾಟೆ ಮಾಡಿದ್ದರು. 2007ರಲ್ಲಿ ಬಂದ 'ಮಾಸ್ ಎಫೆಕ್ಟ್' ಆಟದಲ್ಲಿ ಅಶ್ಲೀಲ ತುಂಬಿದೆ ಅಂತ ಮರುವರ್ಷ ಫಾಕ್ಸ್ ನ್ಯೂಸ್ ಚರ್ಚೆ ನಡೆಸಿತು. ಚರ್ಚೆಗೆ ಬಂದ ಲೇಖಕಿ ಆಟವನ್ನೇ ಆಡಿರಲಿಲ್ಲ. ಆಡಿದವರು ಆ ಒಂದೆರಡು ನಿಮಿಷಕ್ಕಾಗಿ ಹತ್ತಾರು ಗಂಟೆ ಗುಂಡು ಹಾರಿಸಿದ್ದರು. ಕೊನೆಗೆ ಸಿಕ್ಕಿದ್ದು ಮಬ್ಬು ಬೆಳಕಿನ ಒಂದು ಭುಜ.

'ಮಾಸ್ ಎಫೆಕ್ಟ್'ನ ವಿಶೇಷ ಅಂದರೆ ಮುಹೂರ್ತ. 2007, 2010, 2012 ಅಂತ ಮೂರು ಆಟ ಬಂದವು. ಮೂರರಲ್ಲೂ ಪ್ರಣಯದ ದೊಡ್ಡ ದೃಶ್ಯ ಬರುವುದು ಕೊನೆಯ ದಾಳಿಗೆ ಸ್ವಲ್ಪ ಮುಂಚೆ. ಅಲ್ಲಿಯವರೆಗೆ ತಿಂಗಳುಗಟ್ಟಲೆ ಒಂದೇ ಬಾಹ್ಯಾಕಾಶ ಹಡಗಿನಲ್ಲಿ ಇರುತ್ತಾರೆ, ಯಾರಿಗೂ ಏನೂ ಅನ್ನಿಸುವುದಿಲ್ಲ. ನಾಳೆ ಸಾಯುತ್ತೇವೆ ಅಂತ ಖಾತ್ರಿಯಾದ ಮೇಲೆ ಬಾಗಿಲು ತಟ್ಟುತ್ತಾರೆ. ಎರಡನೇ ಆಟದಲ್ಲಿ ಗ್ಯಾರಸ್ ಅಂತ ಒಬ್ಬ ಅನ್ಯಗ್ರಹದ ಸಿಪಾಯಿ ಇದ್ದಾನೆ. ನಾಯಕಿಯಾಗಿ ಆಡಿದರೆ ಅವನನ್ನು ಪ್ರೀತಿಸಬಹುದು. ಮಾತಾಡಿಸಲು ಹೋದಾಗಲೆಲ್ಲ, ಈಗ ಫಿರಂಗಿಯ ಕ್ಯಾಲಿಬ್ರೇಷನ್, ಅಂದರೆ ಅದನ್ನು ಸರಿಹೊಂದಿಸುವ ಕೆಲಸ, ನಡೆಯುತ್ತಿದೆ, ಆಮೇಲೆ ಬಾ ಅನ್ನುತ್ತಾನೆ. ನಾನು ಎಂಟು ಸಲ ಹೋದೆ. ಎಂಟು ಸಲವೂ ಕ್ಯಾಲಿಬ್ರೇಷನ್. ಸರ್ವರ್ ಡೌನ್, ನಾಳೆ ಬನ್ನಿ ಅನ್ನುವ ಕೌಂಟರ್ ಮುಂದೆ ನಿಂತ ಹಾಗಿತ್ತು.

ಇಷ್ಟಾದರೂ ಆಡುವವರಿಗೆ ಯಾವುದು ಸರಸ, ಯಾವುದು ಕುಶಲೋಪರಿ ಅಂತ ತಿಳಿಯುತ್ತಿರಲಿಲ್ಲವೋ ಏನೋ. 2011ರ 'ಡ್ರ್ಯಾಗನ್ ಏಜ್ 2'ರಲ್ಲಿ ಸರಸದ ಮಾತಿನ ಪಕ್ಕ ಒಂದು ಹೃದಯದ ಗುರುತನ್ನೇ ಅಂಟಿಸಿದರು. ಐಎಸ್‌ಐ ಮಾರ್ಕ್ ಇದ್ದ ಹಾಗೆ.

2023ರ 'ಬಾಲ್ಡರ್ಸ್ ಗೇಟ್ 3' ಬಂದಾಗ ಗಾಳಿ ತಿರುಗಿತು. ಇಲ್ಲಿ ಹಿಂದೆ ಬಿದ್ದು ಒಲಿಸುವುದೇ ಬೇಡ, ಅವರೇ ತಯಾರಾಗಿ ನಿಂತಿರುತ್ತಾರೆ. ಊರೊಂದನ್ನು ಉಳಿಸಿದ ಮೇಲೆ ಔತಣ ಇರುತ್ತದೆ. ಜೊತೆಗಾರರೆಲ್ಲ ಬಿಡಾರದಲ್ಲಿ ತಮ್ಮ ತಮ್ಮ ಜಾಗದಲ್ಲಿ ನಿಂತಿರುತ್ತಾರೆ. ನಾವು ಒಬ್ಬೊಬ್ಬರ ಹತ್ತಿರ ಹೋಗಿ ವಿಚಾರಿಸಿ, ಇಂದಿನ ರಾತ್ರಿ ಯಾರ ಜೊತೆ ಅಂತ ತೀರ್ಮಾನಿಸಬೇಕು. ಒಂದೇ ದಿನ ಐದು ಮನೆಯಲ್ಲಿ ಉಪ್ಪಿಟ್ಟು, ಕೇಸರಿಬಾತು ತಿಂದು ಬಂದ ಗಂಡಿನ ಹಾಗೆ. ಅದೇ ಆಟದಲ್ಲಿ ಕರಡಿಯಾಗಿ ಮಾರ್ಪಡುವ ಒಬ್ಬ ಪ್ರಿಯಕರನೂ ಇದ್ದಾನೆ. ಅವನು ಕರಡಿಯಾಗಿಯೇ ಸರಸಕ್ಕಿಳಿಯುವ ದೃಶ್ಯವನ್ನು ಬಿಡುಗಡೆಗೆ ಮುಂಚೆ ನೇರಪ್ರಸಾರದಲ್ಲಿ ತೋರಿಸಿದಾಗ ಟಿಕ್‌ಟಾಕ್ ಪ್ರಸಾರವನ್ನೇ ನಿಲ್ಲಿಸಿತು. ಅದರಲ್ಲಿ ನೋಡುತ್ತಾ ಕೂತಿದ್ದ ಅಳಿಲು ಹಿಡಿದಿದ್ದ ಕಾಯಿ ಜಾರಿ ಬೀಳುತ್ತದೆ. ಇಡೀ ದೃಶ್ಯದಲ್ಲಿ ಸಹಜವಾಗಿ ನಟಿಸಿದ್ದು ಆ ಅಳಿಲು ಒಂದೇ. ಇದನ್ನು ದೊಡ್ಡಮ್ಮನಿಗೆ ತೋರಿಸಲಿಲ್ಲ. ನನಗೂ ಮಾನ ಮರ್ಯಾದೆ ಇದೆ.

ಬದಲಿಗೆ 2011ರ 'ಸ್ಕೈರಿಮ್' ಹಾಕಿದೆ. ಇದರಲ್ಲಿ ಪ್ರೀತಿಯ ರಗಳೆ ಇಲ್ಲ, ಸೀದಾ ಮದುವೆ. ಮಾರಾ ದೇವಿಯ ತಾಯಿತವನ್ನು ಪೂಜಾರಿಯಿಂದ 200 ನಾಣ್ಯಕ್ಕೆ ಕೊಂಡು ಕೊರಳಿಗೆ ಹಾಕಿಕೊಂಡರೆ ಸಾಕು, ಗಂಡು ಸಿದ್ಧ ಅಂತ ಊರಿಗೆ ತಿಳಿಯುತ್ತದೆ. ನಾನು ಇಸೋಲ್ಡಾ ಎಂಬ ವ್ಯಾಪಾರದ ಹುಡುಗಿಯನ್ನು ನೋಡಿದೆ. ಒಪ್ಪಬೇಕಾದರೆ ಮೊದಲು ಮ್ಯಾಮತ್ ಎಂಬ ದೈತ್ಯ ಆನೆಯ ಒಂದು ದಂತ ತಂದುಕೊಡಬೇಕು.

"ಅರಣ್ಯ ಇಲಾಖೆಯವರು ಹಿಡಿಯಲ್ವಾ?"

"ಅಲ್ಲಿ ಇಲಾಖೆ ಇಲ್ಲ ದೊಡ್ಡಮ್ಮ."

ದಂತ ಕೊಟ್ಟೆ. ಎರಡು ಮಾತಾಡಿದೆ. ರಿಫ್ಟನ್ ಊರಿನ ಗುಡಿಯಲ್ಲಿ ಮರುದಿನವೇ ಮದುವೆ. ಮುತ್ತಿಲ್ಲ, ಡೇರೆಯಿಲ್ಲ, ಎಲ್ಲರೂ ಮೈತುಂಬ ಬಟ್ಟೆ. ಹೆಂಡತಿ ಅಂಗಡಿ ತೆರೆದಳು. ಅದರ ಲಾಭದಲ್ಲಿ ನನಗೆ ದಿನಕ್ಕೆ 100 ನಾಣ್ಯ, ಕೇಳಿದರೆ ಒಂದು ಹೊತ್ತಿನ ಊಟ. ಅವಳಿದ್ದ ಮನೆಯಲ್ಲಿ ಮಲಗಿದೆದ್ದರೆ ವಿದ್ಯೆಗಳು ಶೇ. 15ರಷ್ಟು ಬೇಗ ಹತ್ತುತ್ತವೆ. ದೊಡ್ಡಮ್ಮನ ಮುಖ ಅರಳಿತು. ಜಾತಕ ಯಾಕೆ ನೋಡಲಿಲ್ಲ ಅಂತಲೂ ಕೇಳಲಿಲ್ಲ.

ಆಮೇಲೆ ನಾನು ಡ್ರ್ಯಾಗನ್ ಬೇಟೆಗೆ ಹೋದೆ. ಆಟದ ಲೆಕ್ಕದಲ್ಲಿ ನಲವತ್ತು ದಿನ. ತಿರುಗಿ ಬಂದರೆ ಅವಳು ಮನೆಯಲ್ಲೇ ನಿಂತಿದ್ದಳು. ಎಲ್ಲಿಗೆ ಹೋಗಿದ್ದೆ ಅಂತ ಜಗಳವಿಲ್ಲ. ಮಾತಾಡಿಸಿದೆ. ಮದುವೆಯಾದ ದಿನ ಆಡಿದ ಅವೇ ಎರಡು ಮೂರು ಮಾತು. ಮತ್ತೆ ಮಾತಾಡಿಸಿದೆ. ಮತ್ತೆ ಅವೇ.

"ನೋಡಿ ದೊಡ್ಡಮ್ಮ," ಎಂದೆ. "ಇಷ್ಟೇ ಇವರ ಬರವಣಿಗೆ. ಮದುವೆಯವರೆಗೆ ಬರೆದು ಕೈ ತೊಳೆದುಕೊಂಡಿದ್ದಾರೆ. ಹೆಂಡತಿ ಅಂದಮೇಲೆ ಬರೀ ಮೂರು ಮಾತಾ?"

ದೊಡ್ಡಮ್ಮ ಕೊನೆಯ ಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿದರು.

"ನಿಮ್ಮ ದೊಡ್ಡಪ್ಪನ ಜೊತೆ ಮೂವತ್ತೆಂಟು ವರ್ಷ ಬಾಳ್ವೆ ಮಾಡಿದೆ. ಊಟಕ್ಕೇನು, ಪೇಪರ್ ಎಲ್ಲಿ, ಕನ್ನಡಕ ನೋಡಿದ್ಯಾ. ಅವರದೂ ಮೂರೇ ಮಾತು ಕಣೋ," ಎಂದರು. ಸಿಪ್ಪೆಯನ್ನು ಪೇಪರ್ ಸಮೇತ ಸುತ್ತಿ ನನ್ನ ಕೈಗೆ ಕೊಟ್ಟು, ಸ್ವಲ್ಪ ಯೋಚಿಸಿದರು. "ದಿನಕ್ಕೆ ನೂರು ಕೊಟ್ಟಿದ್ದು ಮಾತ್ರ ನೆನಪಿಲ್ಲ."