ನಳ ಅವರದು, ಬ್ಯಾರಲ್ಲು ನಮ್ಮದು

ಹುಬ್ಬಳ್ಳಿ-ಧಾರವಾಡದ ಯಾವುದೇ ಮನೆಯ ಹಿತ್ತಲಲ್ಲಿ ನಿಂತಿರುವ ನೀಲಿ ಬ್ಯಾರಲ್ಲನ್ನು ನೀವು ಬರಿಯ ಪ್ಲಾಸ್ಟಿಕ್ ಪಾತ್ರೆ ಎಂದುಕೊಂಡಿದ್ದರೆ ಅದು ನಿಮ್ಮ ಅಜ್ಞಾನ. 2024ರ ಸೆಪ್ಟೆಂಬರಿನಿಂದ ಈಚೆಗೆ ಅದು ಕಾನೂನಿನ ಕಣ್ಣಿಗೆ ಬಿದ್ದಿರುವ ವಸ್ತು. ಆಗ ರಾಜ್ಯ ಸರ್ಕಾರವು ಡೆಂಗಿಯನ್ನು 2020ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ಸಾಂಕ್ರಾಮಿಕವೆಂದು ಸಾರಿ, ಸೊಳ್ಳೆಗೆ ಮರಿ ಮಾಡಲು ಆಸ್ಪದ ಕೊಟ್ಟ ಪೇಟೆಯ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200 ರೂಪಾಯಿ, ಪೇಟೆಯ ಅಂಗಡಿ-ಕಚೇರಿಗಳಿಗೆ 1000 ರೂಪಾಯಿ, ಖಾಲಿ ನಿವೇಶನಕ್ಕೂ ಕಟ್ಟಡ ಕಾಮಗಾರಿಯ ಜಾಗಕ್ಕೂ 2000 ರೂಪಾಯಿ ಎಂದು ದಂಡದ ದರಪಟ್ಟಿಯನ್ನೇ ಹೊರಡಿಸಿತು. ಹಳ್ಳಿಯ ಸೊಳ್ಳೆಯ ಕಡಿತ ಪೇಟೆಯ ಸೊಳ್ಳೆಯ ಕಡಿತದ ಅರ್ಧದಷ್ಟೇ ಎಂಬ ಲೆಕ್ಕ ಎಲ್ಲಿಂದ ಬಂತೆಂದು ಕೇಳುವುದು ಉದ್ಧಟತನವಾದೀತು; ಬೆಂಗಳೂರಿನಲ್ಲಿ ಕುಳಿತವರಿಗೆ ಸೊಳ್ಳೆಯ ಜಾತಕವೂ ತಿಳಿದಿರುತ್ತದೆ.

ದರಪಟ್ಟಿಯಲ್ಲಿ ಒಂದು ಸಾಲು ಮಾತ್ರ ಬಿಟ್ಟುಹೋಗಿದೆ. ಈ ಬ್ಯಾರಲ್ಲು ಅಲ್ಲಿ ಏಕೆ ನಿಂತಿದೆ ಎಂಬ ಸಾಲು.

ಅವಳಿ ನಗರದವರಿಗೆ ಬ್ಯಾರಲ್ಲು ಸಾಕುವ ಹವ್ಯಾಸವೇನೂ ಇಲ್ಲ. ನಳಕ್ಕೆ ನೀರು ಐದು ದಿನಕ್ಕೊಮ್ಮೆಯೋ ಎಂಟು ದಿನಕ್ಕೊಮ್ಮೆಯೋ ಬರುವ ಊರಿನಲ್ಲಿ ಹಂಡೆ, ಕೊಡ, ಸಿಂಟೆಕ್ಸ್, ಡ್ರಮ್ಮು, ಕೊನೆಗೆ ಮದುವೆಯಲ್ಲಿ ಬಂದ ಪಾತೇಲಿ, ಎಲ್ಲವೂ ತುಂಬಿ ನಿಲ್ಲಬೇಕಾಗುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಯಾದರೋ ಮಡಿವಂತ ಜಾತಿಯದು. ಗಟಾರದ ರಾಡಿ ನೀರನ್ನು ಮುಟ್ಟದೆ, ಮನೆಯೊಳಗೆ ಹಿಡಿದಿಟ್ಟ ತಿಳಿನೀರನ್ನೇ ಹುಡುಕಿಕೊಂಡು ಬಂದು ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದು ರೆಕ್ಕೆ ಬಲಿಯಲು ಅದಕ್ಕೆ ಬೇಕಾಗುವುದು ಸುಮಾರು ಎಂಟು-ಹತ್ತು ದಿನ. ಎಂಟು ದಿನಕ್ಕೊಮ್ಮೆ ನೀರು, ಎಂಟು ದಿನಕ್ಕೊಮ್ಮೆ ಸೊಳ್ಳೆ: ಎರಡು ಇಲಾಖೆಗಳ ನಡುವೆ ಇಷ್ಟು ಸೊಗಸಾದ ಸಮನ್ವಯ ಕಂಡದ್ದು ಈ ನಗರದಲ್ಲಿ ಇದೊಂದೇ ಸಲ. ವಾರಕ್ಕೊಮ್ಮೆ ಎಲ್ಲ ಪಾತ್ರೆಗಳನ್ನೂ ಬರಿದು ಮಾಡಿ, ತಿಕ್ಕಿ, ಒಣಗಿಸಿ ಎಂದು ಆರೋಗ್ಯ ಇಲಾಖೆ ಹೇಳುವುದು ವಿಜ್ಞಾನದ ದೃಷ್ಟಿಯಿಂದ ಸರಿಯಾದ ಮಾತೇ. ಬರಿದು ಮಾಡಿದ ಮೇಲೆ ತುಂಬಿಸುವುದು ಯಾವುದರಿಂದ ಎಂಬ ಪ್ರಶ್ನೆ ಆ ಇಲಾಖೆಯದಲ್ಲ.

ಹಾಗಾದರೆ ಯಾರದು? ನೀರು ಬಾರದಿದ್ದಾಗ ನಮ್ಮ ಹೆಣ್ಣುಮಕ್ಕಳು ಖಾಲಿ ಕೊಡ ಹಿಡಿದು ನಿಲ್ಲುವುದು ವಾರ್ಡಿನ ಕಾರ್ಪೊರೇಟರ್ ಮನೆಯ ಮುಂದೆ. ಪಾಪ, ಅವರಿಗೂ ಮನೆಯಲ್ಲಿ ಬ್ಯಾರಲ್ಲಿದೆ. ಮಲಪ್ರಭೆಯ ನೀರು ಸವದತ್ತಿಯಿಂದ ಹೊರಟು, ನೀರಸಾಗರದ ನೀರು ಕಲಘಟಗಿಯ ಕಡೆಯಿಂದ ಹೊರಟು ಊರು ಸೇರುವವರೆಗಿನ ದಾರಿಯಲ್ಲಿ ಪಾಲಿಕೆಯ ಪಾತ್ರ ಯಾವುದೆಂದು ಹುಡುಕಿದರೆ, ಒಡೆದ ಪೈಪಿನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವುದು ಸಿಗುತ್ತದೆ. ಒಂದು ಕಾಲಕ್ಕೆ ನೀರು ಬಿಡುವ ಕೆಲಸ ಪಾಲಿಕೆಯದೇ ಆಗಿತ್ತು. ಈ ಶತಮಾನದ ಆರಂಭದಲ್ಲಿ ಅದು 1973ರ ಕಾಯ್ದೆಯಡಿ ಹುಟ್ಟಿದ ರಾಜ್ಯದ ಜಲಮಂಡಳಿಯ ಕೈಗೆ ಹೋಯಿತು. ಆಮೇಲೆ ವಿಶ್ವಬ್ಯಾಂಕಿನ ಸಾಲ, ಸಾಲ ತರಲು ರಾಜ್ಯದ ನಿಗಮ, ಸಾಲದ ಕೆಲಸ ಮಾಡಲು ಕಂಪನಿ ಹೀಗೆ ಒಂದರ ಹಿಂದೊಂದು ಬಂದವು. ವಾಲ್‌ಮನ್ ಚಾವಿ ತಿರುಗಿಸುತ್ತಾನೆ, ಅವನನ್ನು ಕಂಪನಿ ತಿರುಗಿಸುತ್ತದೆ, ಕಂಪನಿಯನ್ನು ನಿಗಮ ತಿರುಗಿಸುತ್ತದೆ, ನಾವು ಕೊಡ ಹಿಡಿದು ತಿರುಗುತ್ತೇವೆ.

ಇದರಲ್ಲಿ ಒಂದು ಒಳ್ಳೆಯ ಕೆಲಸವೂ ಆಯಿತೆಂಬುದನ್ನು ಮರೆಮಾಚುವುದು ಅನ್ಯಾಯ. 2008ರ ಹೊತ್ತಿಗೆ ಅವಳಿ ನಗರದ ಎಂಟು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಬಂತು. ಎಷ್ಟು ಅಪರೂಪದ ಸಂಗತಿಯೆಂದರೆ ಅದನ್ನು ನೋಡಲು ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಿಂದ ಸಂಶೋಧಕರು ಬಂದರು. ಅವರು ನಮ್ಮ ನಳಗಳಿಂದ ನೀರು ಹಿಡಿದು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಪ್ರಕಾರ, ದಿನಗಟ್ಟಲೆ ಬಿಟ್ಟು ಬರುವ ನೀರಿನ ಮಾದರಿಗಳಲ್ಲಿ ಸುಮಾರು ಮೂರರಲ್ಲೊಂದು ಪಾಲಿನಲ್ಲಿ ಮಲದಿಂದ ಬರುವ ಇ-ಕೋಲಿ ಬ್ಯಾಕ್ಟೀರಿಯಾ ಇತ್ತು. ನಿರಂತರ ನೀರಿನ ವಾರ್ಡುಗಳಲ್ಲಿ ಅದು ನೂರಕ್ಕೊಂದಕ್ಕಿಂತ ಕಡಿಮೆ. ಕಾರಣ ಸರಳ. ಪೈಪಿನಲ್ಲಿ ನೀರಿನ ಒತ್ತಡವಿಲ್ಲದ ದಿನಗಳಲ್ಲಿ ಪಕ್ಕದ ಗಟಾರದ ನೀರು ಬಿರುಕಿನಲ್ಲಿ ಒಳನುಗ್ಗಿ ಕುಳಿತಿರುತ್ತದೆ, ನೀರು ಬಿಟ್ಟಾಗ ಅದೇ ಮೊದಲು ನಮ್ಮ ಮನೆ ಸೇರುತ್ತದೆ. ಸುಮಾರು 4000 ಮನೆಗಳನ್ನು ಹೋಲಿಸಿ ಅದೇ ತಂಡದವರು 2015ರಲ್ಲಿ ಹೇಳಿದ್ದು ಇನ್ನೂ ಸೂಕ್ಷ್ಮವಾಗಿದೆ: ಎಲ್ಲ ಮಕ್ಕಳ ಭೇದಿಯನ್ನು ಒಟ್ಟಿಗೆ ಲೆಕ್ಕ ಹಾಕಿದರೆ ಗಣನೀಯ ವ್ಯತ್ಯಾಸ ಕಾಣಲಿಲ್ಲವಾದರೂ, ನಿರಂತರ ನೀರಿನ ಕಡೆ ಬಡವರ ಮಕ್ಕಳಲ್ಲಿ ರಕ್ತಭೇದಿ ಕಡಿಮೆಯಿತ್ತು, ಟೈಫಾಯಿಡ್ ಆಯಿತೆಂದ ಮನೆಗಳ ಪ್ರಮಾಣ ಶೇ. 42ರಷ್ಟು ಕಡಿಮೆಯಿತ್ತು. ಉಳಿದ ಬಹುಪಾಲು ವಾರ್ಡುಗಳು ಇದನ್ನೆಲ್ಲ ಪತ್ರಿಕೆಯಲ್ಲಿ ಓದಿ ಸಂತೋಷಪಟ್ಟು, ಹದಿನೈದು ವರ್ಷ ಮೀರಿ ಕಾದವು. ಲೋಕಕ್ಕೆಲ್ಲ ಗೊತ್ತಾದ ಔಷಧಿ ಪಕ್ಕದ ಓಣಿಯಲ್ಲಿದ್ದೂ ನಮ್ಮ ಓಣಿಗೆ ಬಾರದಿರಲು ಪಾಲಿಕೆ ಒಪ್ಪಲಿಲ್ಲವೇ ಎಂದರೆ, ಪಾಲಿಕೆ ಒಪ್ಪಿದರೂ ಬಿಟ್ಟರೂ ನಡೆಯುವ ಕೆಲಸಕ್ಕೆ ಅದರ ಒಪ್ಪಿಗೆಯನ್ನು ಯಾರು ಕೇಳುತ್ತಾರೆ?

ಸಂವಿಧಾನ ಮಾತ್ರ ಈ ವಿಷಯದಲ್ಲಿ ಬಹಳ ಉದಾರವಾಗಿದೆ. 1993ರ ಜೂನ್ 1ರಂದು ಜಾರಿಗೆ ಬಂದ 74ನೇ ತಿದ್ದುಪಡಿ ನಗರಸಭೆಗಳಿಗಾಗಿ 18 ವಿಷಯಗಳ ಹನ್ನೆರಡನೇ ಅನುಸೂಚಿಯನ್ನು ಬರೆಯಿತು. ಐದನೆಯದು ನೀರು ಪೂರೈಕೆ. ಆರನೆಯದು ಸಾರ್ವಜನಿಕ ಆರೋಗ್ಯ, ನೈರ್ಮಲ್ಯ ಮತ್ತು ಘನತ್ಯಾಜ್ಯ ನಿರ್ವಹಣೆ. ಆದರೆ ಇವನ್ನು ಕೊಡುವ 243ಡಬ್ಲ್ಯೂ ವಿಧಿ, ರಾಜ್ಯದ ಶಾಸಕಾಂಗವು ಕಾನೂನಿನ ಮೂಲಕ ಇಂಥ ಅಧಿಕಾರಗಳನ್ನು ಕೊಡಬೇಕು ಎನ್ನುವುದಿಲ್ಲ, ಕೊಡಬಹುದು ಎನ್ನುತ್ತದೆ. ನಮ್ಮ ಕಡೆ ‘ಊಟಕ್ಕ ಬರ್ರಿ’ ಎಂದರೆ ಎಲೆ ಹಾಕಿದೆ ಎಂದರ್ಥ. ‘ಯಾವಾಗಾದರೂ ಬರಬಹುದು’ ಎಂದರೆ ದಯವಿಟ್ಟು ಬರಬೇಡಿ ಎಂದರ್ಥ. ಮೂವತ್ತು ವರ್ಷಗಳಿಂದ ಪಾಲಿಕೆಗಳು ಆ ‘ಬಹುದು’ವಿನ ಹೊಸ್ತಿಲ ಮೇಲೆ ಕೈ ತೊಳೆದುಕೊಂಡು ಕುಳಿತಿವೆ.

ಅಗ್ನಿಶಾಮಕ ಸೇವೆಯೊಂದನ್ನು ಬಿಟ್ಟು ಉಳಿದ 17 ವಿಷಯಗಳನ್ನೂ ಕೊಟ್ಟಾಗಿದೆ ಎಂಬುದು ರಾಜ್ಯದ ಲೆಕ್ಕ. ಕೊಟ್ಟ ವಿಷಯಗಳಲ್ಲಿ ಯಾರೂ ತಂಟೆಗೆ ಬಾರದಂಥವು ಯಾವುವೆಂದು ನೋಡಿದರೆ ಸ್ಮಶಾನ, ಮರಣ ನೋಂದಣಿ, ಬಿಡಾಡಿ ದನಗಳ ದೊಡ್ಡಿ ಮುಂತಾದವು ಕಣ್ಣಿಗೆ ಬೀಳುತ್ತವೆ. ನೀರು ಮೊದಲು ಮಂಡಳಿಯದು, ಆಮೇಲೆ ಕಂಪನಿಯದು, ದೊಡ್ಡ ಆಸ್ಪತ್ರೆ ರಾಜ್ಯದ್ದು, ಪಾಲಿಕೆಯ ಸ್ವಂತದ್ದಾದ ಚಿಟಗುಪ್ಪಿ ಆಸ್ಪತ್ರೆಯನ್ನು ಹೊಸದಾಗಿ ಕಟ್ಟಿದ್ದು ಸ್ಮಾರ್ಟ್ ಸಿಟಿ ಎಂಬ ಇನ್ನೊಂದು ಕಂಪನಿ. ಉಸಿರಿರುವವರೆಗೆ ನಮ್ಮ ಆರೋಗ್ಯ ಬೆಂಗಳೂರಿನ ಹೊಣೆ. ಉಸಿರು ನಿಂತ ಕ್ಷಣದಿಂದ ನಾವು ಸಂಪೂರ್ಣವಾಗಿ ಸ್ಥಳೀಯ ಸ್ವಯಮಾಡಳಿತದ ವ್ಯಾಪ್ತಿಗೆ ಬರುತ್ತೇವೆ.

ಪಾಲಿಕೆಗೆ ಅಧಿಕಾರವೇ ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಅದಕ್ಕೆ ಠರಾವು ಪಾಸು ಮಾಡುವ ಅಧಿಕಾರವಿದೆ. ಸರ್ಕಾರಕ್ಕೆ ಆ ಠರಾವನ್ನು ಅಮಾನತು ಮಾಡುವ, ರದ್ದು ಮಾಡುವ ಅಧಿಕಾರವಿದೆ. ಆಯುಕ್ತರನ್ನು ಕಳಿಸುವುದು ಸರ್ಕಾರ, ವಾಪಸು ಕರೆಸಿಕೊಳ್ಳುವುದೂ ಸರ್ಕಾರ. 700 ಜನರಿಗೆ ಒಬ್ಬ ಪೌರಕಾರ್ಮಿಕ ಎಂಬ ಅಳತೆಯನ್ನು ಹಾಕಿಕೊಟ್ಟದ್ದು ಸರ್ಕಾರ. ಆ ಅಳತೆಗೆ ತಕ್ಕ ಹುದ್ದೆಗಳನ್ನು ತುಂಬಲು ಅನುಮತಿ ಕೊಡಬೇಕಾದದ್ದೂ ಅದೇ. ಹೀಗಾಗಿ ಗಟಾರ ತುಂಬಿದರೆ ಪಾಲಿಕೆಯ ಮರ್ಯಾದೆ ಹೋಗುತ್ತದೆ, ಗಟಾರ ಬಳಿಯುವವರ ಸಂಖ್ಯೆ ಮಾತ್ರ ವಿಧಾನಸೌಧದ ಕಡತದಲ್ಲಿ ಭದ್ರವಾಗಿರುತ್ತದೆ. ಸಾರ್ವಜನಿಕ ಆರೋಗ್ಯ, ಶಿಕ್ಷಣ ಮತ್ತು ಸಾಮಾಜಿಕ ನ್ಯಾಯ ಎಂಬ ಭಾರಿ ಹೆಸರಿನ ಸ್ಥಾಯಿ ಸಮಿತಿಯೊಂದು ಪಾಲಿಕೆಯಲ್ಲಿದೆ. ‘ಸ್ಥಾಯಿ’ ಎಂದರೆ ಒಂದು ವರ್ಷ. ಮೇಯರ್ ಪದವಿಗೂ ಅಷ್ಟೇ ಆಯುಷ್ಯ. ಮೊದಲ ಮೂರು ತಿಂಗಳು ಸನ್ಮಾನ, ಕೊನೆಯ ಮೂರು ತಿಂಗಳು ಬೀಳ್ಕೊಡುಗೆ, ನಡುವೆ ಮಳೆಗಾಲ.

ಇಷ್ಟಾದರೂ ಚುನಾಯಿತ ಪಾಲಿಕೆಯೊಂದು ಬೇಕೇ ಎಂಬ ಸಂದೇಹ ಬೆಂಗಳೂರಿಗೆ ಬಂದಿದ್ದರೆ ಆಶ್ಚರ್ಯವಿಲ್ಲ. ನಮ್ಮ ಊರು ಆ ಪ್ರಯೋಗಕ್ಕೂ ಮೈಯೊಡ್ಡಿತು. ಅವಧಿ ಮುಗಿಯುವ ಮುನ್ನವೇ ಚುನಾವಣೆ ಮುಗಿಸಬೇಕೆಂದು ಸಂವಿಧಾನ ಹೇಳುತ್ತದೆ, ಅದನ್ನು ಚಾಚೂ ತಪ್ಪದೆ ಪಾಲಿಸಬೇಕೆಂದು ಸುಪ್ರೀಂ ಕೋರ್ಟು 2006ರಲ್ಲಿ ಅಹಮದಾಬಾದಿನ ಪ್ರಕರಣದಲ್ಲಿ ಒತ್ತಿ ಹೇಳಿದೆ. ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ಅವಧಿ 2019ರ ಮಾರ್ಚಿನಲ್ಲಿ ಮುಗಿಯಿತು. ಚುನಾವಣೆ ನಡೆದದ್ದು 2021ರ ಸೆಪ್ಟೆಂಬರ್ 3ರಂದು. ಈ ಎರಡೂವರೆ ವರ್ಷದ ನಡುವೆ ಒಂದು ಸಣ್ಣ ಘಟನೆ ನಡೆಯಿತು, ಅದರ ಹೆಸರು ಕೋವಿಡ್. ಶತಮಾನಕ್ಕೊಮ್ಮೆ ಬರುವ ಮಹಾಮಾರಿಯ ಮೊದಲ ಎರಡು ಅಲೆಗಳನ್ನು ಅವಳಿ ನಗರ ಒಬ್ಬ ಚುನಾಯಿತ ಪ್ರತಿನಿಧಿಯೂ ಇಲ್ಲದ ಪಾಲಿಕೆಯೊಂದಿಗೆ ಎದುರಿಸಿತು. ಯಾವ ಓಣಿಯಲ್ಲಿ ಒಂಟಿ ಮುದುಕಿ ಇದ್ದಾಳೆ, ಯಾವ ಚಾಳಿನಲ್ಲಿ ಹತ್ತು ಮನೆಗೆ ಒಂದೇ ಶೌಚಾಲಯವಿದೆ ಎಂಬುದು ಗೊತ್ತಿದ್ದವರು ಮಾಜಿಗಳಾಗಿ ಮನೆಯಲ್ಲಿದ್ದರು. ಕಡತ ಗೊತ್ತಿದ್ದವರು ಕಚೇರಿಯಲ್ಲಿದ್ದರು.

82 ವಾರ್ಡುಗಳ ಸದಸ್ಯರು ಗೆದ್ದು ಬಂದರಲ್ಲ, ಇನ್ನಾದರೂ ಪಾಲಿಕೆ ನಡೆಯುತ್ತದೆ ಎಂದುಕೊಂಡವರಿಗೆ ಮೇಯರ್ ಚುನಾವಣೆ 2022ರ ಮೇ 28ರವರೆಗೆ ಕಾಯಲು ಹೇಳಿತು. ಲೆಕ್ಕ ಹಾಕಿ ನೋಡಿ: ಒಂಬತ್ತು ತಿಂಗಳು ತುಂಬುವ ಹೊತ್ತಿಗೆ ಸರಿಯಾಗಿ ಮೇಯರ್ ಜನನವಾಯಿತು. ಜನನ ನೋಂದಣಿ ಪಾಲಿಕೆಯ ಕೆಲಸವೇ ಆದರೂ ಈ ಒಂದು ಹೆರಿಗೆಯ ಮುಹೂರ್ತವನ್ನು ಬೇರೆ ಊರಿನವರು ನಿಶ್ಚಯಿಸಿದರು. ಈಗ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿದೆ. ಧಾರವಾಡದವರ ಬಹುಕಾಲದ ಬೇಡಿಕೆ, ನ್ಯಾಯವಾದದ್ದೇ. ಆದರೆ ಒಂದು ಖಾಲಿ ಕೊಡವನ್ನು ಎರಡು ಮಾಡಿದರೆ ಎರಡು ಖಾಲಿ ಕೊಡಗಳಾಗುತ್ತವೆ ಎಂಬ ಗಣಿತವನ್ನು ಧಾರವಾಡದ ಮೇಷ್ಟ್ರುಗಳಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಹಳ್ಳಿಗಳವರು ಇದನ್ನು ಓದಿ ಪೇಟೆಯವರಿಗೆ ಹೀಗಾಯಿತಲ್ಲ ಎಂದು ಮರುಗಬಾರದು. ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ, ನೈರ್ಮಲ್ಯಗಳನ್ನು ಹನ್ನೊಂದನೇ ಅನುಸೂಚಿಯು ಪಂಚಾಯಿತಿಗಳ ಹೆಸರಿಗೆ ಬರೆದಿಟ್ಟಿದೆ. ಧಾರವಾಡ, ಗದಗ, ಹಾವೇರಿ ಜಿಲ್ಲಾ ಪಂಚಾಯಿತಿಗಳ ಸದಸ್ಯರು 2021ರಲ್ಲಿ ಅವಧಿ ಮುಗಿಸಿ ಮನೆಗೆ ಹೋದರು; ನಾಲ್ಕು ವರ್ಷ ಕಳೆದರೂ ಆ ಕುರ್ಚಿಗಳಿಗೆ ಚುನಾವಣೆ ಬರಲಿಲ್ಲ. ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಕಾಲದಲ್ಲಿ ಇಡೀ ದೇಶಕ್ಕೆ ಪಂಚಾಯತ್ ರಾಜ್ ಪಾಠ ಹೇಳಿದ ರಾಜ್ಯ ಇದು. ‘ನೀರ್ ಸಾಬ್’ ಎಂದು ಜನ ಕರೆದ ಆ ಮನುಷ್ಯನಿಗೆ, ನೀರಿಗೂ ಸ್ಥಳೀಯ ಅಧಿಕಾರಕ್ಕೂ ಇರುವ ನಂಟು ಬಹುಶಃ ಬ್ಯಾರಲ್ಲಿನ ಸಹಾಯವಿಲ್ಲದೆಯೇ ತಿಳಿದಿತ್ತು.

ಹಳೆಯದೊಂದನ್ನು ನೆನಪಿಸಿಕೊಳ್ಳದೆ ಮುಂದೆ ಹೋಗಲಾರೆ. ಹುಬ್ಬಳ್ಳಿಗೆ ನಗರಸಭೆ ಬಂದದ್ದು 1855ರಲ್ಲಿ. 1898ರಲ್ಲಿ ಪ್ಲೇಗು ಬಂದಾಗ, ವಿಜ್ಞಾನಿ ಹಾಫ್‌ಕಿನ್ ಮುಂಬಯಿಯಲ್ಲಿ ಅದರ ಹಿಂದಿನ ವರ್ಷವಷ್ಟೇ ತಯಾರಿಸಿದ್ದ ಲಸಿಕೆಯನ್ನು ಇಲ್ಲಿ ಹತ್ತಾರು ಸಾವಿರ ಜನರಿಗೆ ಚುಚ್ಚಲಾಯಿತು. ಪರಕೀಯರ ಸರ್ಕಾರ, ಜನರ ಮಾತಿಗೆ ಬೆಲೆಯಿಲ್ಲದ ಕಾಲ. ಅದನ್ನು ಹೊಗಳಲು ನನಗೆ ಮನಸ್ಸಿಲ್ಲ. ಆದರೆ ಆಗಿನ ಸಾಹೇಬ ಕನಿಷ್ಠ ಪಕ್ಷ ಕುದುರೆ ಏರಿ ಓಣಿಯವರೆಗೆ ಬರಬೇಕಾಗಿತ್ತು. ಈಗ ಸುತ್ತೋಲೆ ಬರುತ್ತದೆ.

ಅಂಥ ಸುತ್ತೋಲೆಯ ಬೆನ್ನಿಗೆ, ಮಳೆಗಾಲದ ಒಂದು ಬೆಳಿಗ್ಗೆ, ಟಾರ್ಚು ಹಿಡಿದ ಲಾರ್ವಾ ಸಮೀಕ್ಷೆಯವರು ನಮ್ಮ ಓಣಿಗೂ ಬಂದರು. ಓಣಿಯ ನಡುವೆ, ಪೈಪು ಹಾಕಲೆಂದು ಅಗೆದು ಮುಚ್ಚದೆ ಬಿಟ್ಟ ಗುಂಡಿಯಲ್ಲಿ ಎಮ್ಮೆ ಮುಳುಗುವಷ್ಟು ನೀರು ನಿಂತಿತ್ತು. ಖಾಲಿ ಜಾಗಕ್ಕೆ 2000 ರೂಪಾಯಿ ಎಂದು ದರಪಟ್ಟಿಯಲ್ಲಿದೆಯಲ್ಲ, ಇದರ ರಸೀದಿ ಯಾರ ಹೆಸರಿಗೆ ಹರಿಯುತ್ತೀರಿ ಎಂದು ನಾನು ಕೇಳಿದೆ. ಅವರಲ್ಲಿ ಹಿರಿಯರಾದವರು ಗುಂಡಿಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, ಅದಕ್ಕೆ ಮಾಲೀಕರು ನಿಗದಿಯಾಗಿಲ್ಲ ಎಂದರು. ತಪ್ಪು ಅವರದಲ್ಲ; ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು ಬಂದಿದ್ದರು, ಕಾಲಲ್ಲಿ ಹವಾಯಿ ಚಪ್ಪಲಿ ಇತ್ತು. ಗುಂಡಿಯನ್ನು ಬಳಸಿಕೊಂಡು, ಗೋಡೆ ಹಿಡಿದು ಜೋಪಾನವಾಗಿ ದಾಟಿ, ಅವರು ಪಕ್ಕದ ಮನೆಯ ಹಿತ್ತಲಿಗೆ ಹೋಗಿ ಬ್ಯಾರಲ್ಲಿನೊಳಗೆ ಬೆಳಕು ಬಿಟ್ಟರು. ಹುಳ ಇತ್ತು. ಈ ಸಲ ದಂಡ ಹಾಕುವುದಿಲ್ಲ, ಆದರೆ ನೀರನ್ನು ಈಗಲೇ ಚೆಲ್ಲಬೇಕು ಎಂದರು.

ಪಕ್ಕದ ಮನೆಯಾಕೆ ಬ್ಯಾರಲ್ಲಿನ ಅಂಚಿಗೆ ಎರಡೂ ಕೈ ಕೊಟ್ಟು ವಾಲಿಸುವ ಮುನ್ನ ತಡೆದು ನಿಂತು, ‘ಚೆಲ್ಲತೇನ್ರಿ. ಮುಂದಿನ ನೀರು ಯಾವಾಗ ಬರತೈತಿ, ಅಷ್ಟು ಹೇಳ್ರಿ’ ಎಂದು ಕೇಳಿದಳು.

ಹಿರಿಯರು ವಹಿಯನ್ನು ಮುಚ್ಚಿದರು. ಅದು ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು ಹೇಳಿ, ಬ್ಯಾರಲ್ಲಿನ ಬಾಯಿಗೆ ಹಳೆಯ ಸೀರೆಯನ್ನು ಎರಡು ಪದರ ಮಾಡಿ ಬಿಗಿಯಾಗಿ ಕಟ್ಟಲು ಸಲಹೆ ಕೊಟ್ಟು, ಮುಂದಿನ ಮನೆಗೆ ಹೋದರು.